ಒಂದು ಶರತ್ತು ಬಿಟ್ಟೆ, ಇಡೀ ಘನ ಸಿಕ್ಕಿತು

ಗ್ರೂಪ್ ಅಂದರೆ ಒಂದರ ನಂತರ ಒಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಕ್ರಿಯೆಗಳ ಕೂಟ. ಅದರಿಂದ ಜ್ಯಾಮಿತಿ ಕಟ್ಟುವ ಗಣಿತಜ್ಞ ಟಿಟ್ಸ್ ಅವರ ದಾರಿ ಕೇಳೋಕೆ ಸರಳ. ಗ್ರೂಪ್‌ನಲ್ಲಿ ಕೆಲವು ಸಬ್‌ಗ್ರೂಪ್, ಅಂದರೆ ಒಳಗಿನ ಚಿಕ್ಕ ಗ್ರೂಪ್‌ಗಳನ್ನು, ಆರಿಸಿಕೊಳ್ಳಿ. ಪ್ರತಿ ಸಬ್‌ಗ್ರೂಪ್ ಇಡೀ ಗ್ರೂಪನ್ನು ಸಮ ಗಾತ್ರದ ತುಂಡುಗಳಾಗಿ ಹಂಚುತ್ತದೆ; ಆ ತುಂಡುಗಳೇ ಕೋಸೆಟ್‌ಗಳು. ಒಂದರ ಕೋಸೆಟ್‌ಗಳು ಬಿಂದುಗಳು, ಇನ್ನೊಂದರವು ರೇಖೆಗಳು. ಎರಡು ಕೋಸೆಟ್‌ಗಳಲ್ಲಿ ಒಂದಾದರೂ ಸದಸ್ಯ ಸಮಾನವಾಗಿದ್ದರೆ ಆ ಬಿಂದು ಆ ರೇಖೆಯ ಮೇಲಿದೆ. ಏಳೇ ಬಿಂದುಗಳ ಫಾನೋ ಸಮತಲಕ್ಕೆ 168 ಸದಸ್ಯರ ಗ್ರೂಪ್, 24 ಸದಸ್ಯರ ಎರಡು ಸಬ್‌ಗ್ರೂಪ್. ಭಾಗಿಸಿದರೆ 7 ಬಿಂದು, 7 ರೇಖೆ. ಅಷ್ಟೇ.

ಕಷ್ಟ ಶುರುವಾಗಿದ್ದು ಕವರಿಂಗ್‌ನಲ್ಲಿ, ಅಂದರೆ ಹತ್ತಿರದಿಂದ ನೋಡಿದರೆ ಮೂಲದಂತೆಯೇ ಕಾಣುವ, ಆದರೆ ಅದರ ಮೇಲೆ ಹಲವು ಪದರವಾಗಿ ಕೂರುವ ದೊಡ್ಡ ಆಕೃತಿಯಲ್ಲಿ. ಅತಿ ದೊಡ್ಡ ಕವರಿಂಗ್ ಸಿಗಲೆಂದು, ಆ ಎರಡು ಸಬ್‌ಗ್ರೂಪ್‌ಗಳ ಒಳಗಿನ ಶರತ್ತುಗಳನ್ನಷ್ಟೇ (ಯಾವ ಕ್ರಿಯೆಗಳನ್ನು ಸೇರಿಸಿ ಮಾಡಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬುದನ್ನು) ಇಟ್ಟುಕೊಂಡು ಕೋಸೆಟ್ ಎಣಿಸಲು ಕಂಪ್ಯೂಟರ್‌ಗೆ ಕೊಟ್ಟೆ. ಪಟ್ಟಿ ಬೆಳೆಯುತ್ತಲೇ ಹೋಯಿತು. ಟೈಪ್ ಮಾಡಿದ್ದರಲ್ಲೇ ತಪ್ಪಿದೆ ಅಂತ ಎರಡು ದಿನ ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಬರೀ ಬಿಂದು, ರೇಖೆ ಎಂಬ ಎರಡೇ ಬಗೆಯಿದ್ದಾಗ ಅತಿ ದೊಡ್ಡ ಕವರಿಂಗ್ ಕೊನೆಯಿಲ್ಲದ ಮರ. ಅದು ಮುಗಿಯುವುದೇ ಇಲ್ಲ.

ಆಮೇಲೆ ಮೂಲೆ, ಅಂಚು, ಮುಖ ಎಂಬ ಮೂರು ಬಗೆಯಿರುವ ಚಿಕ್ಕ ಉದಾಹರಣೆ ಹಿಡಿದೆ: ಅರ್ಧಘನ. ಘನದ ಎದುರುಬದುರು ಮೂಲೆಗಳನ್ನು ಒಂದು ಮಾಡಿದರೆ ಬರುವ ಆಕೃತಿ. 1, 2, 3, 4ರ ಅದಲುಬದಲುಗಳಲ್ಲಿ ಮೂರನ್ನು ತೆಗೆದುಕೊಂಡೆ. ಅ: (1 4)(2 3), ಅಂದರೆ 1ಕ್ಕೂ 4ಕ್ಕೂ, 2ಕ್ಕೂ 3ಕ್ಕೂ ಅದಲುಬದಲು. ಬ: (1 2). ಕ: (2 3). ಇವು 24 ಸದಸ್ಯರ ಗ್ರೂಪನ್ನು ಹುಟ್ಟಿಸುತ್ತವೆ. ಬ, ಕ ಸೇರಿದ ಸಬ್‌ಗ್ರೂಪ್‌ನಲ್ಲಿ 6 ಸದಸ್ಯರು, ಹಾಗಾಗಿ 4 ಮೂಲೆ. ಅ, ಕ ಸೇರಿದರೆ 4, ಅಂದರೆ 6 ಅಂಚು. ಅ, ಬ ಸೇರಿದರೆ 8, ಅಂದರೆ 3 ಮುಖ.

ಇಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಮೂರೂ ಮುಖಗಳಿಗೆ ಅವೇ 4 ಮೂಲೆಗಳು! ಮೂಲೆಗಳ ಪಟ್ಟಿ ಬರೆದರೆ ಮುಖಗಳನ್ನು ಬೇರೆ ಬೇರೆ ಎಂದು ಗುರುತಿಸೋಕೇ ಆಗಲ್ಲ. ಕೋಸೆಟ್‌ಗಳಲ್ಲಿ ಮಾತ್ರ ಅವು ಮೂರಾಗಿಯೇ ಉಳಿಯುತ್ತವೆ.

ಶರತ್ತುಗಳನ್ನು ಬರೆದೆ. ಅ, ಬ, ಕ ಒಂದೊಂದನ್ನೂ ಎರಡು ಸಲ, ಅಬ ನಾಲ್ಕು ಸಲ, ಬಕ ಮೂರು ಸಲ, ಅಕ ಎರಡು ಸಲ ಮಾಡಿದರೆ ಎಲ್ಲವೂ ಮೊದಲಿನಂತೆ. ಇವೆಲ್ಲ ಆ ಮೂರು ಸಬ್‌ಗ್ರೂಪ್‌ಗಳ ಒಳಗಿನ ಮಾತು. ಇನ್ನೊಂದು ಮಾತ್ರ ಯಾವುದರ ಒಳಗೂ ಇಲ್ಲ: ಅಬಕ ಮೂರು ಸಲ. ಬಲದಿಂದ ಎಡಕ್ಕೆ ಗುಣಿಸಿ ನೋಡಿ, ಅಬಕ ಅಂದರೆ (1 3 4): 1 ಹೋಗಿ 3, 3 ಹೋಗಿ 4, 4 ಹೋಗಿ 1.

ಆ ಕೊನೆಯದನ್ನು ಕೈಬಿಟ್ಟು ಮತ್ತೆ ಎಣಿಸಿದೆ. ಈ ಸಲ ಪಟ್ಟಿ ಮುಚ್ಚಿಕೊಂಡಿತು: 48 ಸದಸ್ಯರು. 8 ಮೂಲೆ, 12 ಅಂಚು, 6 ಮುಖ. ಅರ್ಧಘನದ ಅತಿ ದೊಡ್ಡ ಕವರಿಂಗ್ ಇಡೀ ಘನವೇ. ಅಬಕವನ್ನು ಮೂರು ಸಲ ಮಾಡಿದರೆ ಈಗ ಪ್ರತಿ ಮೂಲೆಯೂ ತನ್ನ ಎದುರಿನ ಮೂಲೆಗೆ ಹೋಗುತ್ತದೆ.