ಸೊನ್ನೆಯಾಗಿ ಉಳಿಯದ ಸೊನ್ನೆ: ಎಕ್ಸ್‌ವಿ6 ಅನ್ನು ಓಪನ್‌ರಿಸ್ಕ್‌ಗೆ ಪೋರ್ಟ್ ಮಾಡಿದ ಕಥೆ

ಎಕ್ಸ್‌ವಿ6 ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಮನ್ನು ಓಪನ್‌ರಿಸ್ಕ್ ಪ್ರೊಸೆಸರಿಗೆ ಪೋರ್ಟ್ ಮಾಡ್ತೀನಿ, ಅಂದರೆ ಅದರ ಮೇಲೆ ಓಡುವ ಹಾಗೆ ಬದಲಿಸ್ತೀನಿ ಅಂದೆ. ‘ಆ ಪ್ರೊಸೆಸರ್ ಯಾರ ಹತ್ರ ಇದೆ ಮಾರಾಯ?’ ಅಂತ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಓಪನ್‌ರಿಸ್ಕ್ 2000ದಲ್ಲಿ ಓಪನ್‌ಕೋರ್ಸ್ ಬಳಗ ಶುರುಮಾಡಿದ ಮುಕ್ತ ವಿನ್ಯಾಸ; ಅಂಗಡಿಗೆ ಹೋಗಿ ಕೊಂಡು ತರುವ ಚಿಪ್ ಅಲ್ಲ. ಆದರೆ ಲಿನಕ್ಸ್ 2011ರಿಂದಲೇ ಅದರ ಮೇಲೆ ಓಡುತ್ತಿದೆ, ಮುಕ್ತ ಕಂಪೈಲರ್ ಜಿಸಿಸಿ 9ನೇ ಆವೃತ್ತಿಯಿಂದ ಅದಕ್ಕೆ ಸಿಗುತ್ತದೆ, ಯಂತ್ರಗಳನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಕ್ಯೂಎಮು ಒಳಗೆ ಇಡೀ ಯಂತ್ರವೇ ಇದೆ. ಆಫೀಸು ಮುಗಿಸಿ ಬಂದು ರಾತ್ರಿ ಕೂರುವವನಿಗೆ ಇನ್ನೇನು ಬೇಕು?

ಎಕ್ಸ್‌ವಿ6 ಎಂಐಟಿಯಲ್ಲಿ ಪಾಠಕ್ಕೆಂದೇ ಬರೆದ ಪುಟ್ಟ ಯೂನಿಕ್ಸ್. 2006ರಲ್ಲಿ ಇಂಟೆಲ್ ಮಾದರಿಯ ಎಕ್ಸ್86 ಪ್ರೊಸೆಸರಿಗೆ ಹುಟ್ಟಿ, 2019ರಲ್ಲಿ ರಿಸ್ಕ್-ಫೈವ್ ಎಂಬ ಇನ್ನೊಂದು ಮುಕ್ತ ವಿನ್ಯಾಸಕ್ಕೆ ಬಂತು. ನಾನು ಹಿಡಿದದ್ದು ಈ ರಿಸ್ಕ್-ಫೈವ್ ಪ್ರತಿಯನ್ನು.

ಮೊದಲ ಅಕ್ಷರ ಪರದೆಗೆ ಬಂದದ್ದು ಸಲೀಸಾಗಿ. ಎರಡೂ ಕಡೆ ಅಕ್ಷರಗಳು ಹೋಗಿಬರುವ ಸೀರಿಯಲ್ ಪೋರ್ಟು 16550 ಎಂಬ ಚಿಪ್‌ನ ಜಾತಿಯದ್ದೇ. ವಿಳಾಸ ಮಾತ್ರ ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯಾಕ್ರಮದಲ್ಲಿ) 10000000 ಇದ್ದದ್ದು 90000000 ಆಯಿತು. ಪುಟಗಳ, ಅಂದರೆ ಮೆಮೊರಿಯನ್ನು ಹಂಚುವ ಸಮಾನ ತುಂಡುಗಳ, ಕೆಲಸ ಅಷ್ಟು ಸುಲಭವಿರಲಿಲ್ಲ. ಇಲ್ಲಿ ಪುಟ 8 ಕೆಬಿ. ಪ್ರೋಗ್ರಾಮ್ ಬಳಸುವ ವಿಳಾಸಕ್ಕೆ ನಿಜವಾದ ಮೆಮೊರಿ ವಿಳಾಸ ಯಾವುದು ಅಂತ ಹೇಳುವ ಪುಟದ ಕೋಷ್ಟಕವನ್ನು ಹಾರ್ಡ್‌ವೇರ್ ತಾನಾಗಿ ಓದುವುದಿಲ್ಲ. ಇಂಥ ಕೆಲವು ಅನುವಾದಗಳನ್ನು ಪ್ರೊಸೆಸರ್ ಕೈಯಳತೆಯಲ್ಲಿ ಇಟ್ಟುಕೊಳ್ಳುವ ಟಿಎಲ್‌ಬಿಯಲ್ಲಿ ಡೇಟಾದ ವಿಳಾಸ ಸಿಗದಿದ್ದರೆ ಹೆಕ್ಸ್ 900ರಲ್ಲಿರುವ ಕೋಡಿಗೆ ಜಿಗಿದು, ‘ನೀನೇ ಹುಡುಕಿ ತುಂಬು’ ಅನ್ನುತ್ತದೆ. ಹಾಗೆ ಜಿಗಿಯುವಾಗ ವಿಳಾಸ ಅನುವಾದವನ್ನು ತಾನೇ ಆಫ್ ಮಾಡಿಬಿಡುತ್ತದೆ. ಹಾಗಾಗಿ ರಿಸ್ಕ್-ಫೈವ್ ಪ್ರತಿಯಲ್ಲಿ ಬಳಕೆದಾರರ ಪ್ರೋಗ್ರಾಮಿನಿಂದ ಕರ್ನಲ್‌ಗೆ, ಅಂದರೆ ಸಿಸ್ಟಮಿನ ತಿರುಳಿಗೆ, ದಾಟುವಾಗ ಕೋಷ್ಟಕ ಬದಲಿಸಲೆಂದೇ ಇರುವ, ವಿದ್ಯಾರ್ಥಿಗಳ ತಲೆ ತಿನ್ನುವ ಟ್ರ್ಯಾಂಪೊಲೀನ್ ಪುಟವನ್ನು ನಾನು ಕಿತ್ತೇ ಹಾಕಿದೆ. ಕೋಡ್ ಬರೆಯುವುದಕ್ಕಿಂತ ಅಳಿಸುವುದರಲ್ಲೇ ನನಗೆ ಖುಷಿ ಜಾಸ್ತಿ.

ಡಿಸ್ಕ್ ಬದಲಿಗೆ ಕಡತ ವ್ಯವಸ್ಥೆಯ ಇಮೇಜನ್ನು ಕರ್ನಲ್ ಜೊತೆಗೇ ಸೇರಿಸಿ ರ‍್ಯಾಮ್‌ಡಿಸ್ಕ್ (ಮೆಮೊರಿಯಲ್ಲೇ ಇರುವ ಡಿಸ್ಕ್) ಮಾಡಿಕೊಂಡೆ. ಬೂಟ್ ಆಗುತ್ತಲೇ ‘ಇನ್‌ವ್ಯಾಲಿಡ್ ಫೈಲ್ ಸಿಸ್ಟಮ್’ ಅಂತ ಪ್ಯಾನಿಕ್, ಕರ್ನಲ್ ಕೈಚೆಲ್ಲಿ ನಿಂತುಬಿಟ್ಟಿತು. ಗುರುತಿನ ಸಂಖ್ಯೆ 10203040 ಇರಬೇಕಾದಲ್ಲಿ 40302010 ಕಾಣುತ್ತಿತ್ತು. ಓಪನ್‌ರಿಸ್ಕ್ ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟು ಮೊದಲು; ಇಮೇಜ್ ತಯಾರಿಸುವ ಉಪಕರಣವೋ ಬೈಟುಗಳನ್ನು ಅದರ ತಿರುವಾದ ಲಿಟಲ್ ಎಂಡಿಯನ್ ಕ್ರಮದಲ್ಲಿ ಬರೆಯುತ್ತದೆ. ಆ ಉಪಕರಣದಲ್ಲೇ ಎರಡು ಫಂಕ್ಷನ್ ತಿರುವಿ ಹಾಕಿದೆ, ಮುಗಿಯಿತು. ಎದುರಿಗೇ ಬಂದು ನಿಲ್ಲುವ ಇಂಥ ದೋಷ ಸಿಕ್ಕರೆ ಪುಣ್ಯ.

ಪುಣ್ಯ ಅಷ್ಟಕ್ಕೇ ಮುಗಿದಿತ್ತು. ಮೊದಲ ಪ್ರೋಗ್ರಾಮ್ ಲೋಡ್ ಆಯಿತು, ಉಳಿದವನ್ನೆಲ್ಲ ಶುರುಮಾಡುವ ಇನಿಟ್ ಪ್ರೋಗ್ರಾಮ್ ಶುರುವಾಯಿತು, ಕನ್ಸೋಲ್ ತೆರೆಯಲು ಮೊದಲ ಓಪನ್ ಕರೆ ಹೋಯಿತು. ಅದರ ಬೆನ್ನಿಗೇ ಕರ್ನಲ್‌ನ ದೂರು: ‘1 ಇನಿಟ್: ಅನ್‌ನೋನ್ ಸಿಸ್ ಕಾಲ್ 84215061’. ಸಿಸ್ಟಮ್ ಕಾಲ್ ಅಂದರೆ ಪ್ರೋಗ್ರಾಮ್ ಒಂದು ಸಂಖ್ಯೆ ಕೊಟ್ಟು ಕರ್ನಲ್‌ನಿಂದ ಕೇಳುವ ಸೇವೆ. ಎಕ್ಸ್‌ವಿ6ನಲ್ಲಿ ಇರುವುದೇ ಇಪ್ಪತ್ತೊಂದು! ನಡುವೆ ಒಂದು ಪ್ರಿಂಟ್ ಸೇರಿಸಿದರೆ ಸಂಖ್ಯೆ ಒಮ್ಮೊಮ್ಮೆ ಸರಿಯಾಗಿಯೇ ಬರುತ್ತಿತ್ತು. ಜಿಗಿತದ ಆಜ್ಞೆಯ ಮುಂದಿನ ಆಜ್ಞೆಯೂ ಓಡಿಬಿಡುವ ಡಿಲೇ ಸ್ಲಾಟ್ ಅನ್ನೋದೊಂದು ಇಲ್ಲಿದೆ. ತಪ್ಪು ಅದರದ್ದೇ ಅಂದುಕೊಂಡು, ಕಂಡಕಂಡಲ್ಲಿ ನೋಪ್ (ಏನೂ ಮಾಡದ ಆಜ್ಞೆ) ತುರುಕಿ ನಾಲ್ಕು ರಾತ್ರಿ ಹಾಳು ಮಾಡಿಕೊಂಡೆ.

ಐದನೆಯ ರಾತ್ರಿ ಆ ಸಂಖ್ಯೆಯನ್ನು ಹೆಕ್ಸ್‌ನಲ್ಲಿ ಬರೆದು ನೋಡಿದೆ: 05050515. ಈ ಐದುಗಳನ್ನು ಎಲ್ಲೋ ನೋಡಿದ್ದೇನಲ್ಲ! ಎಕ್ಸ್‌ವಿ6 ಹೊಸ ಪುಟ ಕೊಡುವಾಗ ಅದರ ತುಂಬ 5 ತುಂಬಿಯೇ ಕೊಡುತ್ತದೆ, ಬೇಕೆಂದೇ ಹಾಕಿದ ಕಸ. ಓಪನ್ ನಂತರ ಬರಬೇಕಾದ, ಕನ್ಸೋಲ್ ಕಡತ ಸೃಷ್ಟಿಸುವ ಎಂಕೆನೋಡ್ ಕರೆಯ ಸಂಖ್ಯೆ 17, ಹೆಕ್ಸ್‌ನಲ್ಲಿ 11. ಅದಕ್ಕೆ 05050505 ಜೊತೆ ಬಿಟ್ಟುಗಳನ್ನು ಒಗ್ಗೂಡಿಸುವ ಆರ್ (OR) ಕ್ರಿಯೆ ಮಾಡಿದರೆ ಸಿಗುವುದು 05050515.

ಓಪನ್‌ರಿಸ್ಕ್‌ನಲ್ಲಿ ‘17 ಹಾಕು’ ಅನ್ನುವ ಒಂಟಿ ಆಜ್ಞೆ ಇಲ್ಲ. ಪ್ರೊಸೆಸರಿನೊಳಗಿನ ಪುಟ್ಟ ಶೇಖರಣಾ ಜಾಗಗಳಾದ ರಿಜಿಸ್ಟರುಗಳಲ್ಲಿ ಆರ್0 (R0) ಸೊನ್ನೆಯನ್ನೇ ಇಟ್ಟುಕೊಂಡಿರುತ್ತದೆ; ಅದರ ಜೊತೆ 17ಕ್ಕೆ OR ಮಾಡಿ ಬಂದದ್ದನ್ನು ಬೇಕಾದ ರಿಜಿಸ್ಟರಿಗೆ ಹಾಕಿಕೊಳ್ಳುತ್ತೇವೆ. ರಿಸ್ಕ್-ಫೈವ್‌ನ ಸೊನ್ನೆ ರಿಜಿಸ್ಟರಿಗೆ ಏನೇ ಬರೆದರೂ ಅದು ಸೊನ್ನೆಯೇ. ಓಪನ್‌ರಿಸ್ಕ್‌ನಲ್ಲಿ ಆ ಖಾತ್ರಿ ಇಲ್ಲ, ಅದಕ್ಕೆ ಬರೆಯಬೇಡಿ ಅಂತಷ್ಟೇ ಕೈಪಿಡಿ ಹೇಳುತ್ತದೆ. ನಾನು ಏನು ಮಾಡಿದ್ದೆ? ಪ್ರೋಗ್ರಾಮಿನಿಂದ ಕರ್ನಲ್‌ಗೆ ಬಂದಾಗ ಅದರ ರಿಜಿಸ್ಟರುಗಳನ್ನು ಉಳಿಸುವಲ್ಲಿ ಆರ್0 ಬಿಟ್ಟಿದ್ದೆ, ಹಿಂತಿರುಗುವಾಗ ಮರಳಿ ತುಂಬುವಲ್ಲಿ ಬಿಟ್ಟಿರಲಿಲ್ಲ. ಉಳಿಸದೇ ಇದ್ದ ಜಾಗದಲ್ಲಿ ಐದುಗಳು ಹಾಗೇ ಕೂತಿದ್ದವು, ಅವೇ ಆರ್0ಗೆ ಹೋಗಿ ಸೇರಿದವು.

ಒಮ್ಮೊಮ್ಮೆ ಸರಿಹೋಗುತ್ತಿದ್ದದ್ದರ ಗುಟ್ಟೂ ಆಗಲೇ ಹೊಳೆಯಿತು. ಬಳಕೆದಾರರ ಪ್ರೋಗ್ರಾಮ್ ಆರ್0 ಕೆಡಿಸಿದ್ದರೆ ಕರ್ನಲ್ ಎಡವದಿರಲಿ ಅಂತ, ಟಿಎಲ್‌ಬಿ ಹ್ಯಾಂಡ್ಲರಿನ (ಹೆಕ್ಸ್ 900ರಂಥ ಕಡೆ ಜಿಗಿದಾಗ ಓಡುವ ಕೋಡಿನ) ಮೊದಲ ಸಾಲಿನಲ್ಲೇ ಅದನ್ನು ಸೊನ್ನೆ ಮಾಡುತ್ತಿದ್ದೆ. ಹಾಗಾಗಿ ಪುಟವೊಂದು ಟಿಎಲ್‌ಬಿಯಲ್ಲಿ ಸಿಗದೇ ಹೋದಾಗಲೆಲ್ಲ ನನ್ನ ತಪ್ಪು ತಾನಾಗಿ ರಿಪೇರಿ ಆಗುತ್ತಿತ್ತು. ನನ್ನ ಮುಂಜಾಗ್ರತೆಯೇ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು.

ಒಂದು ಸಾಲು ಅಳಿಸಿದೆ. ಸುಮ್ಮನೆ ತುರುಕಿದ್ದ ನೋಪ್‌ಗಳನ್ನೂ ಕಿತ್ತೆ. ಪರದೆಯ ಮೇಲೆ ಆಜ್ಞೆಗಾಗಿ ಕಾಯುವ ಡಾಲರ್ ಚಿಹ್ನೆ ಬಂತು, ಎಲ್‌ಎಸ್ ಹೊಡೆದೆ, ಕಡತಗಳ ಪಟ್ಟಿ ಸಾಲಾಗಿ ಇಳಿಯಿತು. ಗೆಳೆಯನಿಗೆ ಫೋಟೋ ಕಳಿಸಿದಾಗ ರಾತ್ರಿ ಎರಡು ಗಂಟೆ. ಬೆಳಿಗ್ಗೆ ಬಂದ ಉತ್ತರ, ‘ಸರಿ, ಈಗ ಇದರಲ್ಲಿ ಏನು ಮಾಡ್ತೀಯ?’

ಸದ್ಯಕ್ಕೆ ಅದರ ಜೊತೆಗೇ ಬರುವ ಪರೀಕ್ಷೆಗಳನ್ನು ಓಡಿಸುತ್ತಿದ್ದೇನೆ. ಪುಟದ ಅಳತೆ 4096 ಅಂತಲೇ ನಂಬಿ ಬರೆದ ಸಾಲುಗಳು ಅವುಗಳಲ್ಲಿ ಅಲ್ಲಲ್ಲಿ ಇವೆ. ಒಂದೊಂದನ್ನೇ ಹುಡುಕಿ ಬದಲಿಸುತ್ತಾ ಕೂತಿದ್ದೇನೆ.