ಒಂದೇ ದೋಷ, ಹದಿನಾಲ್ಕು ಗೆರೆ: ಶಮೆದಮೆಯನ್ನು ದಿನವೂ ರೂಢಿಸುವ ಬಗೆ

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲ ಬಂತೆಂದರೆ ಅನೇಕ ಕ್ರೈಸ್ತರು ಮಾಂಸ, ಸಿಹಿ, ಸಿನಿಮಾ, ಕೋಪ, ಮೊಬೈಲು ಎಲ್ಲವನ್ನೂ ಒಟ್ಟಿಗೆ ಬಿಡುವುದಾಗಿ ನಿಶ್ಚಯಿಸುತ್ತಾರೆ. ಎರಡನೇ ವಾರ ಮುಗಿಯುವಷ್ಟರಲ್ಲಿ ಮಾಂಸದ ನೇಮವೊಂದು ಉಳಿದಿದ್ದರೆ ಹೆಚ್ಚು. ಭಕ್ತಿ ಕಡಿಮೆಯಾಗಿ ಹೀಗಾಗುವುದಿಲ್ಲ. ಐದು ಬಾಗಿಲನ್ನು ಒಬ್ಬರೇ ಕಾಯಲು ಹೊರಟಿದ್ದರಿಂದ ಆಗುತ್ತದೆ.

ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲನು ಪವಿತ್ರಾತ್ಮನ ಫಲವನ್ನು ಎಣಿಸುತ್ತಾ ಕೊನೆಯಲ್ಲಿ ಹೇಳುವ ಗುಣವನ್ನು ಹಳೆಯ ಕನ್ನಡ ಬೈಬಲ್ 'ಶಮೆದಮೆ' ಎಂದು ಕರೆದಿದೆ. ಮನಸ್ಸು ತಣ್ಣಗಾಗುವುದು ಶಮೆ, ಇಂದ್ರಿಯಗಳು ಹಿಡಿತಕ್ಕೆ ಬರುವುದು ದಮೆ. ಫಲ ಎಂದಮೇಲೆ ಅದು ಕೃಪೆಯಿಂದಲೇ ಬರಬೇಕು. ಆದರೆ ಅದೇ ಪೌಲನು ಕೊರಿಂಥದವರಿಗೆ ಓಟದ ಪಂದ್ಯಕ್ಕೆ ತಯಾರಾಗುವವನ ಕಟ್ಟುನಿಟ್ಟನ್ನು ತೋರಿಸುತ್ತಾನೆ. ಅವರ ಊರಿನ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದುದರಿಂದ ಆ ಮಾತು ಅವರಿಗೆ ಚೆನ್ನಾಗಿ ನಾಟುವಂಥದ್ದು. ಮಳೆ ದೇವರದು, ಪಾತಿ ಮಾಡುವ ಕೆಲಸ ನಮ್ಮದು.

ಈ ಕೆಲಸಕ್ಕೆ ಒಂದು ಪಳಗಿದ ವಿಧಾನವಿದೆ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರು ಬರೆದು 1548ರಲ್ಲಿ ಅಚ್ಚಾದ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ 'ವಿಶೇಷ ಆತ್ಮಪರಿಶೋಧನೆ' ಎಂಬುದು ಬರುತ್ತದೆ. ರಾತ್ರಿ ಇಡೀ ದಿನದ ತಪ್ಪುಗಳನ್ನೆಲ್ಲ ನೆನೆಯುವ ಪರಿಶೋಧನೆ ಬೇರೆ, ಇದು ಬೇರೆ. ಇಲ್ಲಿ ಕಣ್ಣಿಡುವುದು ಒಂದೇ ದೋಷದ ಮೇಲೆ. ಕಥೋಲಿಕರಲ್ಲದವರಿಗೂ ಇದರಲ್ಲಿ ಅಡ್ಡಿಯೇನಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ದಿನಕ್ಕೆ ಒಟ್ಟು ಹತ್ತು ನಿಮಿಷ ಇದ್ದರೆ ಸಾಕು.

ದೋಷವನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. 'ಕೋಪ ಬಿಡುತ್ತೇನೆ' ಎಂದು ಬರೆದರೆ ಏನೂ ಆಗದು, ಏಕೆಂದರೆ ಕೋಪವನ್ನು ಎಣಿಸಲಾಗುವುದಿಲ್ಲ. 'ಮನೆಯವರ ಮೇಲೆ ದನಿಯೇರಿಸಿ ಗದರುವುದು' ಎಂದು ಬರೆಯಿರಿ, ಎಣಿಸಬಹುದು. 'ಎದುರಿಗಿಲ್ಲದವರ ಬಗ್ಗೆ ಚಾಡಿ', 'ಹಸಿವಿಲ್ಲದೆ ತಿಂಡಿ ಡಬ್ಬಿಗೆ ಕೈಹಾಕುವುದು', 'ಪ್ರಾರ್ಥನೆಯ ನಡುವೆ ಫೋನ್ ತೆಗೆಯುವುದು' ಇವೂ ಹಾಗೆಯೇ. ನಿನ್ನೆ ಎಷ್ಟು ಸಲ ಎಂದು ಕೇಳಿಕೊಂಡರೆ ಸಂಖ್ಯೆಯಲ್ಲಿ ಉತ್ತರ ಬರಬೇಕು. ಬರದಿದ್ದರೆ ದೋಷವನ್ನು ಇನ್ನೂ ಚಿಕ್ಕದು ಮಾಡಿ.

ಇನ್ನು ಪುಟ. ವಾರಕ್ಕೆ ಒಂದು ಪುಟ, ದಿನಕ್ಕೆ ಎರಡು ಗೆರೆ, ಒಟ್ಟು ಹದಿನಾಲ್ಕು. ಭಾನುವಾರದಿಂದ ಶುರು ಮಾಡಿ. ಮೇಲಿನ ಗೆರೆ ಎದ್ದಾಗಿನಿಂದ ಮಧ್ಯಾಹ್ನದ ಊಟದವರೆಗಿನದು, ಕೆಳಗಿನದು ಅಲ್ಲಿಂದ ರಾತ್ರಿಯೂಟದವರೆಗಿನದು.

ಬೆಳಗ್ಗೆ ಕಣ್ಣುಬಿಟ್ಟ ಕೂಡಲೇ, ಫೋನ್ ಮುಟ್ಟುವ ಮೊದಲು, ಆ ಒಂದು ದೋಷದ ಹೆಸರು ಹೇಳಿ 'ಪ್ರಭುವೇ, ಇವತ್ತು ಇದರಿಂದ ನನ್ನನ್ನು ಕಾಯಿ' ಎಂದು ಬೇಡಿಕೊಳ್ಳಿ. ಅರ್ಧ ನಿಮಿಷ ಸಾಕು. ಮಧ್ಯಾಹ್ನ ಊಟವಾದ ಮೇಲೆ ಎಷ್ಟು ಸಲ ಎಡವಿದೆನೆಂದು ನೆನಪಿಸುವ, ತಿದ್ದಿಕೊಳ್ಳುವ ಕೃಪೆಯನ್ನು ಮೊದಲು ಕೇಳಿ. ಆಮೇಲೆ ಏಳರಿಂದ ಎಂಟು, ಎಂಟರಿಂದ ಒಂಬತ್ತು ಎಂದು ಗಂಟೆಗಂಟೆಯನ್ನೂ ದಾಟಿಬಂದು, ಎಡವಿದ್ದಕ್ಕೆಲ್ಲ ಒಂದೊಂದು ಚುಕ್ಕಿ ಇಡಿ. ರಾತ್ರಿಯೂ ಹಾಗೆಯೇ. ಹೆಚ್ಚಿನವರು ಸೋಲುವುದು ಮಧ್ಯಾಹ್ನದ ಲೆಕ್ಕ ಬಿಡುವುದರಿಂದ. ರಾತ್ರಿಗೆಂದು ಎಲ್ಲವನ್ನೂ ಉಳಿಸಿಕೊಂಡರೆ ಬೆಳಗಿನದು ಮರೆತಿರುತ್ತದೆ, ಅರ್ಧ ದಿನ ತಿದ್ದಿಕೊಳ್ಳುವ ಅವಕಾಶವೂ ಹೋಗಿರುತ್ತದೆ.

ನಡುವೆ ಎಡವಿದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ಒಳಗೇ ಪಶ್ಚಾತ್ತಾಪಪಡಿ. ಹತ್ತು ಜನರ ನಡುವೆಯೂ ಯಾರಿಗೂ ಗೊತ್ತಾಗದಂತೆ ಇದನ್ನು ಮಾಡಬಹುದು ಎಂದು ಇಗ್ನೇಷಿಯಸರೇ ಹೇಳುತ್ತಾರೆ. ಗದರಿಸಿಕೊಂಡವರ ಹತ್ತಿರ ಹೊತ್ತು ಮುಳುಗುವ ಮೊದಲು 'ತಪ್ಪಾಯ್ತು' ಅನ್ನಿ. ಮಗುವಾದರೂ ಅನ್ನಿ.

ರಾತ್ರಿ ಮೇಲಿನ ಗೆರೆಯನ್ನು ಕೆಳಗಿನದರೊಂದಿಗೆ, ಇಂದನ್ನು ನಿನ್ನೆಯೊಂದಿಗೆ, ಈ ವಾರವನ್ನು ಹಿಂದಿನದರೊಂದಿಗೆ ಹೋಲಿಸಿ. ಮೊದಲ ವಾರ ಚುಕ್ಕಿ ಹೆಚ್ಚಿದರೆ ಗಾಬರಿ ಬೇಡ. ದೋಷ ಬೆಳೆದಿಲ್ಲ, ಕಣ್ಣು ತೆರೆದಿದೆ, ಅಷ್ಟೇ.

ಚುಕ್ಕಿಯ ಪಕ್ಕ ಗಂಟೆಯನ್ನೂ ಬರೆದುಕೊಳ್ಳುವುದು ಒಳ್ಳೆಯದು. ಇದು ಮೂಲ ವಿಧಾನದಲ್ಲಿಲ್ಲ. ಎರಡು ವಾರದಲ್ಲಿ ಚುಕ್ಕಿಗಳು ಎಲ್ಲಿ ಗುಂಪಾಗಿವೆ ಎಂದು ಕಾಣುತ್ತದೆ. ಬೆಳಗ್ಗೆ ಏಳೂವರೆಯ ಸುತ್ತ ಇದ್ದರೆ ಅದು ಶಾಲೆಗೆ ಹೊರಡುವ ಗಡಿಬಿಡಿ: ಚೀಲ, ಸಮವಸ್ತ್ರ ರಾತ್ರಿಯೇ ಸಿದ್ಧವಿರಲಿ, ಇಪ್ಪತ್ತು ನಿಮಿಷ ಮೊದಲು ಏಳಿ. ಸಂಜೆ ಏಳರ ಸುತ್ತ ಇದ್ದರೆ ಬಹುಶಃ ಹಸಿವು: ಮನೆಗೆ ಬಂದವರು ಮೊದಲು ಏನಾದರೂ ತಿಂದು, ಆಮೇಲೆ ಮಾತಾಡಲಿ. ಹೊಟ್ಟೆ, ನಿದ್ದೆಗಳಿಂದ ಹುಟ್ಟುವ ಪಾಪವನ್ನು ಬರೀ ಸಂಕಲ್ಪದಿಂದ ಗೆಲ್ಲಲು ಹೋಗಿ ದಣಿಯಬೇಡಿ.

ಬಿಟ್ಟ ಜಾಗ ಖಾಲಿ ಇರಬಾರದು. ಗುಡಿಸಿ ಖಾಲಿಯಿಟ್ಟ ಮನೆಗೆ ದೆವ್ವ ಇನ್ನೂ ಏಳನ್ನು ಕರೆದುಕೊಂಡು ಬಂದದ್ದನ್ನು ಮತ್ತಾಯನ 12ನೇ ಅಧ್ಯಾಯದಲ್ಲಿ ಪ್ರಭು ಹೇಳಿದ್ದಾರೆ. ಗದರಲು ಬಾಯಿ ತೆರೆದಾಗ ಹೇಳಿಕೊಳ್ಳಲು ಒಂದು ಸಾಲು ಸಿದ್ಧವಿರಲಿ: ಬಾಯಿಗೆ ಕಾವಲಿಡೆಂದು ದೇವರನ್ನು ಬೇಡುವ 141ನೇ ಕೀರ್ತನೆಯ ವಚನ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಉಪವಾಸ ಇದೇ ದುಡಿಮೆಯ ದೇಹದ ಕಡೆಯದು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ, ಶುಭ ಶುಕ್ರವಾರಗಳಂದು ಕಥೋಲಿಕ ನಿಯಮದಲ್ಲಿ 18 ತುಂಬಿದವರಿಂದ 59 ತುಂಬುವವರೆಗೆ ಒಂದೇ ಪೂರ್ತಿ ಊಟ. ಬೇಕಾದರೆ ಎರಡು ಸಲ ಅಲ್ಪಾಹಾರ, ಎರಡೂ ಸೇರಿ ಒಂದು ಊಟದಷ್ಟಾಗಬಾರದು. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಇದು ಅನ್ವಯಿಸದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಡಲೇಬೇಡಿ, ಬೇರೆ ತ್ಯಾಗ ಆರಿಸಿ.

ಎರಡು ಕಡೆ ಚುಕ್ಕಿ ಕೆಲಸ ಮಾಡುವುದಿಲ್ಲ. ದಿನವೂ ಹೆಚ್ಚು ಕುಡಿಯುವವರು ಹರಕೆಯ ಬಲದಲ್ಲಿ ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ. ಮೊದಲು ವೈದ್ಯರ ಬಳಿ ಹೋಗಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಇನ್ನು ಕೆಲವರು ಚುಕ್ಕಿ ಎಣಿಸಿ ಎಣಿಸಿ, ಇದೂ ಪಾಪವೇ, ಅದೂ ಪಾಪವೇ ಎಂದು ನಿದ್ದೆಗೆಡುತ್ತಾರೆ. ಅಂಥವರು ಪುಸ್ತಕವನ್ನು ಕೂಡಲೇ ಮುಚ್ಚಿ, ಪಾಪನಿವೇದನೆ ಕೇಳುವ ಗುರುಗಳ ಅಥವಾ ಸಭಾಪಾಲಕರ ಮಾತಿನಂತೆ ನಡೆಯಬೇಕು.

ಎರಡು ವಾರ ಸತತವಾಗಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಚುಕ್ಕಿ ಬೀಳದಿದ್ದರೆ ಹೊಸ ದೋಷಕ್ಕೆ ಹೊಸ ಪುಟ ತೆಗೆಯಿರಿ. ಅದು ಯಾವುದೆಂದು ನೀವೇ ಆರಿಸುವ ಮೊದಲು ಮನೆಯವರನ್ನು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.