ಬೇಸಿಗೆ ಮಳೆಯ ಮುನ್ಸೂಚನೆ ಓದುವುದು ಹೇಗೆ?

ಏಪ್ರಿಲ್ ತಿಂಗಳು. ಕಣದ ತುಂಬ ಕಾಳುಮೆಣಸು ಹರಡಿದೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಚುರುಗುಟ್ಟುತ್ತಿತ್ತು, ನಾಲ್ಕಕ್ಕೆ ಗಾಳಿ ತಿರುಗಿತು. ಮೆಣಸು ಬಳಿದು ಒಟ್ಟು ಮಾಡುವಷ್ಟರಲ್ಲಿ ದಪ್ಪ ಹನಿ. ಬೆಳಗ್ಗೆ ಫೋನಿನಲ್ಲಿ ನೋಡಿದಾಗ ಬರೀ ಸೂರ್ಯನ ಚಿತ್ರ ಇತ್ತು, ಅಲ್ವಾ?

ಆ ಚಿತ್ರವನ್ನು ನಂಬಿ ಕೂರಬೇಡಿ. ಭಾರತೀಯ ಹವಾಮಾನ ಇಲಾಖೆ ಇಡೀ ದೇಶಕ್ಕೆ ದಿನಕ್ಕೆ ಹಲವು ಬಾರಿ ಮುನ್ಸೂಚನೆ ಹೊರಡಿಸುತ್ತದೆ. ಅದನ್ನು ಓದಲು ಐದು ನಿಮಿಷ ಸಾಕು.

1. ಮೊದಲು ದೇಶದ ನಕ್ಷೆ ನೋಡಿ. ಈ ಕಾಲದಲ್ಲಿ ಕಾಶ್ಮೀರದ ಮಳೆ, ಹಿಮ ಪಶ್ಚಿಮದಿಂದ ಬರುವ ಮಾರುತದ್ದು; ನಮ್ಮ ಮಳೆಯ ದಾರಿಯೇ ಬೇರೆ. ವಿದರ್ಭದಿಂದ ಕರ್ನಾಟಕದ ಒಳನಾಡಿನ ಮೇಲೆ ತಮಿಳುನಾಡು, ಕೇರಳದ ಕಡೆಗೆ 'ಟ್ರಫ್' (ಗಾಳಿಯ ಒತ್ತಡ ಕಡಿಮೆ ಇರುವ ಉದ್ದನೆಯ ಪಟ್ಟಿ) ಹಾದಿದೆ ಎಂದು ಬರೆದಿದ್ದರೆ ಕಿವಿ ನಿಮಿರಲಿ. ಸಮುದ್ರದ ತೇವ, ಕಾದ ನೆಲ ಎರಡೂ ಸೇರಿ ಸಂಜೆಗೆ ಗುಡುಗು ಮಳೆ ಏಳುವುದು ಇಂಥ ದಿನಗಳಲ್ಲೇ.

2. 'ಎಲ್ಲೆಲ್ಲಿ' ಎಂಬ ಮಾತು ಹಿಡಿಯಿರಿ. 'ಒಂದೆರಡು ಕಡೆ' ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ. 'ಕೆಲವು ಕಡೆ' ಅಂದರೆ ಶೇ 50ರವರೆಗೆ, 'ಹಲವು ಕಡೆ' ಅಂದರೆ ಶೇ 75ರವರೆಗೆ. ಅದಕ್ಕಿಂತ ಜಾಸ್ತಿ ಆದರೆ 'ಬಹುತೇಕ ಎಲ್ಲ ಕಡೆ'. ಇದು ಎಷ್ಟು ಜಾಗದಲ್ಲಿ ಬರುತ್ತದೆ ಎಂಬ ಲೆಕ್ಕ, ಎಷ್ಟು ಜೋರು ಎಂಬುದಲ್ಲ. 'ಒಂದೆರಡು ಕಡೆ' ಸುರಿಯುವ ಮಳೆಯೇ ನಿಮ್ಮ ಕಣದ ಮೇಲೆ ಆಲಿಕಲ್ಲು ತರಬಹುದು. ಇಲ್ಲೇ ಹೆಚ್ಚಿನವರು ಎಡವುವುದು.

3. ಮಿಲಿಮೀಟರನ್ನು ನೀರಾಗಿ ನೋಡಿ. ಬೆಳಗ್ಗೆ 8.30ರಿಂದ ಮರುದಿನ 8.30ರೊಳಗೆ 64.5 ಮಿ.ಮೀ. ದಾಟಿದರೆ 'ಭಾರಿ ಮಳೆ', 115.6 ದಾಟಿದರೆ 'ಅತಿ ಭಾರಿ'. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್. 30x40 ಸೈಟಿನ ಮೇಲೆ 64.5 ಮಿ.ಮೀ. ಬಿದ್ದರೆ ಸುಮಾರು 7,000 ಲೀಟರ್, ಒಂದು ಟ್ಯಾಂಕರ್ ನೀರು! ಬೀದಿಯ ಅಷ್ಟೂ ಮನೆಗಳ ನೀರು ಒಂದೇ ಚರಂಡಿಗೆ ನುಗ್ಗುತ್ತದೆ. ಬೇಸಿಗೆ ಮಳೆ ಇದನ್ನು ದಿನವಿಡೀ ಸುರಿಸುವುದಿಲ್ಲ, ಗಂಟೆಯೊಳಗೆ ಮುಗಿಸಿಬಿಡುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. ನೀರು ನಿಂತ ಅಂಡರ್‌ಪಾಸ್‌ಗೆ ದಯವಿಟ್ಟು ಇಳಿಯಬೇಡಿ, ಎಷ್ಟೇ ತಡವಾಗಲಿ.

4. ಬಣ್ಣದ ಜೊತೆ ಕಾರಣವನ್ನೂ ಓದಿ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. ಆ ಅಲರ್ಟ್ ಮಳೆಗೋ, ಗಾಳಿಗೋ, ಬಿಸಿಲಿಗೋ? ಗಂಟೆಗೆ 40–50 ಕಿ.ಮೀ. ಗಾಳಿ ಎಂದಿದ್ದರೆ ಗೊನೆ ಬಿಟ್ಟ ಬಾಳೆಗೆ ಅವತ್ತೇ ಊರುಗೋಲು ಕೊಡಿ.

5. ಬಿಸಿಲಿನ ಸಾಲನ್ನು ಬಿಡಬೇಡಿ. 2025ರ ಫೆಬ್ರುವರಿ, 1901ರಿಂದ ಅಲ್ಲಿಯವರೆಗೆ ದೇಶ ಕಂಡ ಅತಿ ಬಿಸಿ ಫೆಬ್ರುವರಿ. ಬಯಲಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇದ್ದರೆ ಅದು ಬಿಸಿಗಾಳಿ.

6. ಮಧ್ಯಾಹ್ನ ಮತ್ತೆ ನೋಡಿ. ಬೆಳಗಿನ ಮುನ್ಸೂಚನೆ ಜಿಲ್ಲೆಯ ಮಟ್ಟದ್ದು. ಮುಂದಿನ ಮೂರು ಗಂಟೆಗೆಂದೇ ಇಲಾಖೆ 'ನೌಕಾಸ್ಟ್' ಕೊಡುತ್ತದೆ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಗುಡುಗು ಕೇಳಿಸಿತೋ, ಮೆಣಸು ಅಲ್ಲೇ ಬಿಟ್ಟು ಒಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಕಣಕ್ಕೆ ಹೋದರಾಯಿತು.